ಮುಷ್ಟಿಯೊಳಗಿನ ಹುಲ್ಲು

"ಏಯ್ ಮುದ್ಕಿ, ಅತ್ಲಾಗ್ ಸರ್ಕೊ. ನಿನ್ ಮೈಯಿಂದ ಸಗಣಿ ನಾತ ಹೊಡೀತದೆ. ಒಳಗೆ ಗೆಸ್ಟುಗಳು ತಿಂಡಿ ತಿಂತಾವ್ರೆ."

ಗೇಟಿನ ಗಾರ್ಡು ಕೋಲಿನ ತುದಿಯನ್ನು ನನ್ನ ಎದೆಗೆ ಒತ್ತಿ ಹಿಂದಕ್ಕೆ ನೂಕಿದ. ಅವನೂ ನಮ್ಮವನೇ, ಗುಡ್ಡದಾಚೆಯ ಹಟ್ಟಿಯವನು. ಹಸಿರು ಯೂನಿಫಾರ್ಮು ತೊಟ್ಟು ಇನ್ನೂ ಎರಡು ತಿಂಗಳಾಗಿರಲಿಲ್ಲ.

"ಸಗಣೀಲೇ ಹುಟ್ಟಿದ್ ಬಡ್ಡೀಮಗ್ನೆ," ಎಂದಳು ನನ್ನ ಸವತಿ ಸಿಲಾಂತೊಯ್. "ನಿಮ್ಮವ್ವ ಗೋಡೆಗೆ ಬಳ್ದಿರೋದೇನ್ಲಾ, ಬೆಣ್ಣೆಯಾ?"

ಅವನಿಗೆ ನಗು ಬಂತು. ನುಂಗಿಕೊಂಡು ಮುಖ ಗಂಟಿಕ್ಕಿದ.

ಗೇಟಿನ ಒಳಗೆ, ಸಿಂಹ ನೋಡಲು ಬರುವವರ ಕ್ಯಾಂಪಿನ ಅಡುಗೆಮನೆಯ ಹಿಂದಿನ ಕೊಂಡವಾಡದಲ್ಲಿ ನಮ್ಮ ಹದಿನಾಲ್ಕು ಕರೆಯುವ ಹಸುಗಳಿದ್ದವು. ಹಿಂದಿನ ದಿನ ಓರೆತೇತಿ ಕಣಿವೆಯಲ್ಲಿ ಮೇಯುತ್ತಿದ್ದಾಗ ಈ ಕ್ಯಾಂಪು ನಡೆಸುವ ವನ್ಯಜೀವಿ ಸಂಘದವರು ಜೀಪಿನಲ್ಲಿ ಬಂದು ಹೊಡೆದುಕೊಂಡು ಹೋಗಿದ್ದರು. ಮಳೆ ಕೈಕೊಟ್ಟಿತ್ತು. ನಮ್ಮ ಗಂಡಸರು ಉಳಿದ ದನಗಳ ಜೊತೆ ಹುಲ್ಲು ಹುಡುಕಿಕೊಂಡು ಗಡಿಯಾಚೆ ಹೋಗಿ ಎರಡು ತಿಂಗಳು. ಹಟ್ಟಿಯಲ್ಲಿದ್ದವರು ನಾವು ಹೆಂಗಸರು, ಮಕ್ಕಳು, ಕರುಗಳು. ಮೇಕೆಗಳ ಮೊಲೆಯೂ ಬತ್ತಿತ್ತು. ನನ್ನ ಕೆಂಪು ಹಸು ನನ್ಯೋಕೆ ಈದು ಎಂಟೇ ದಿನ. ಅದರ ಕರು ಬೆಳಿಗ್ಗೆ ಎದ್ದು ನಿಲ್ಲಲಿಲ್ಲ. ಬೆರಳು ಕೊಟ್ಟರೆ ಚೀಪುವಷ್ಟು ಜೀವವಿತ್ತು, ಅಷ್ಟೆ.

ಧೂಳೆಬ್ಬಿಸಿಕೊಂಡು ಕ್ಯಾಂಪಿನ ಮ್ಯಾನೇಜರ್ ಮೆಪುಕೋರಿಯ ಗಾಡಿ ಬಂತು.

ಹುಟ್ಟುವಾಗಲೇ ತಾಯಿಯನ್ನು ಕಳೆದುಕೊಂಡವನು ಅವನು. ಒಂದು ಮೊಲೆ ನನ್ನ ಮಗನಿಗೆ, ಇನ್ನೊಂದು ಅವನಿಗೆ ಎಂದು ಸಾಕಿದ್ದೆ. ನಮ್ಮಲ್ಲಿ ಮಕ್ಕಳು ತಲೆ ಬಗ್ಗಿಸುತ್ತಾರೆ, ಹಿರಿಯರು ನೆತ್ತಿ ಮುಟ್ಟಿ ಹರಸುತ್ತಾರೆ. ಬೆಳೆದ ಗಂಡಸು ಹೆಂಗಸಿನ ಮುಂದೆ ತಲೆ ಬಗ್ಗಿಸಬೇಕಾಗಿಲ್ಲ. ಆದರೂ ಮೆಪುಕೋರಿ ಪಟ್ಟಣದಿಂದ ಓದಿ ಬಂದ ಮೇಲೂ ನನ್ನ ಮುಂದೆ ಬಗ್ಗುತ್ತಿದ್ದ, ನಾನು ನೆತ್ತಿ ಮುಟ್ಟುತ್ತಿದ್ದೆ. ಇವತ್ತೂ ಅವನು ಗಾಡಿಯಿಂದಿಳಿದಾಗ ಕೈ ತಾನಾಗಿಯೇ ಮೇಲೆದ್ದಿತು. ಅವನು ಬಗ್ಗಲಿಲ್ಲ. ಕೈ ಅಲ್ಲೇ ಗಾಳಿಯಲ್ಲಿ ನಿಂತಿತು.

"ಅವ್ವ, ಗೇಟ್ ಮುಂದೆ ರಂಪ ಬ್ಯಾಡ."

"ರಂಪ ಯಾರಪ್ಪ ಮಾಡ್ತಾವ್ರೆ? ಕರ ಸಾಯ್ತಾ ಅದೆ. ಹಸ ಬಿಡು."

"ಮೂರು ದಿನ ಬಿಡಂಗಿಲ್ಲ. ರೂಲ್ಸು."

"ಮೂರ್ ದಿನ ಅದು ಇರಕಿಲ್ಲ ಕಣ್ಲಾ. ಹೋಗ್ಲಿ, ಕರಗಳ್ನೇ ಇಲ್ಲಿಗೆ ತತ್ತೀವಿ. ಒಂದ್ ಗಳಿಗೆ ಕುಡುಸ್ಕೊಂಡು ಹೊಂಟೋಯ್ತೀವಿ."

"ನಿಮ್ಗೆ ಬಿಟ್ರೆ ನಾಳೆ ಹತ್ತು ಹಟ್ಟಿಯೋರು ಬತ್ತಾರೆ. ಗೆಸ್ಟುಗಳು ಅಷ್ಟ್ ದೂರದಿಂದ ಬರೋದು ಸಿಂಹ ನೋಡಕ್ಕೆ. ನಿಮ್ ದನ ನೋಡಕ್ಕಲ್ಲ."

"ಆ ಸಿಂಹ ಉಳಿಸ್ದೋರು ಯಾರ್ಲಾ?" ಎಂದಳು ಸಿಲಾಂತೊಯ್.

ಅವನಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಸಿಂಹ ನಮ್ಮ ಬೇಲಿ ಹಾರಿ ಸಿಲಾಂತೊಯ್‌ಳ ಎರಡು ಎತ್ತು ತಿಂದಾಗ ಹುಡುಗರು ಈಟಿ ಹಿಡಿದು ಎದ್ದಿದ್ದರು. ಹಟ್ಟಿಯ ಬಾಗಿಲಿಗೆ ಅಡ್ಡ ಕೂತವಳು ಅವಳೇ. ಸಿಂಹ ಕೊಲ್ಲುವುದಿಲ್ಲ ಎಂದು ಮೆಪುಕೋರಿಗೆ ಮಾತು ಕೊಟ್ಟಿದ್ದೀವಿ, ಯಾರಾದರೂ ಹೊರಗೆ ಕಾಲಿಟ್ಟರೆ ನನ್ನನ್ನು ತುಳಿದುಕೊಂಡೇ ಹೋಗಿ ಎಂದಿದ್ದಳು.

ಆ ಮಾತು ನಡೆದದ್ದು ಐದು ವರ್ಷದ ಹಿಂದೆ, ಕಣಿವೆಯ ಓರೆತೇತಿ ಎಂಬ ದೊಡ್ಡ ಅತ್ತಿಮರದ ಬುಡದಲ್ಲಿ. ಮಳೆಗಾಲದಲ್ಲಿ ನಮ್ಮ ಅಜ್ಜಂದಿರೂ ಆ ಕಣಿವೆಗೆ ದನ ಬಿಟ್ಟವರಲ್ಲ. ಎಲ್ಲೆಲ್ಲೂ ಒಣಗಿದ ಮೇಲೆ ಉಳಿಯುವ ಕೊನೆಯ ಹುಲ್ಲು ಅದು. ಮೆಪುಕೋರಿ ಬಿಳಿಯರ ಜೊತೆ ಬಂದು, ಕಣಿವೆಯನ್ನು ಸಂಘಕ್ಕೆ ಬಿಟ್ಟುಕೊಡುವ ಉದ್ದನೆಯ ಕಾಗದ ಓದಿದ. ಯಾರೂ ಕಿವಿಗೊಡಲಿಲ್ಲ. ಮುದುಕರು ನಶ್ಯ ಏರಿಸುತ್ತ ಆಕಳಿಸುತ್ತಿದ್ದರು. ಆಮೇಲೆ ಅವನು ಬಗ್ಗಿ ಒಂದು ಹಿಡಿ ಹುಲ್ಲು ಕಿತ್ತು ಮೇಲೆತ್ತಿದ. "ಸಿಂಹಾನೂ ಇರ್ಲಿ, ಜೀಬ್ರಾನೂ ಇರ್ಲಿ. ಮಳೆ ಕೈಕೊಟ್ಟ ವರ್ಷ ಈ ಹುಲ್ಲು ನಿಮ್ ಹಸಗಳ್ದೇಯ," ಎಂದ. ಎಂಥ ಹೊಡೆದಾಟದಲ್ಲೂ ಹುಲ್ಲು ಹಿಡಿದವನ ಮುಂದೆ ಎತ್ತಿದ ದೊಣ್ಣೆ ಇಳಿಯುತ್ತದೆ. ಹುಲ್ಲು ಹಿಡಿದು ಸುಳ್ಳಾಡಿದವನನ್ನು ನಾವು ಕಂಡಿರಲಿಲ್ಲ. ಮುದುಕರು ಒಬ್ಬೊಬ್ಬರಾಗಿ ಎದ್ದು ಹೆಬ್ಬೆಟ್ಟು ಒತ್ತಿದರು.

"ಹುಲ್ಲು ಹಿಡ್ದಿದ್ದೆಯಲ್ಲೋ ಮಗ," ಎಂದೆ.

ಅವನು ಕಪ್ಪು ಕನ್ನಡಕ ತೆಗೆಯಲಿಲ್ಲ. "ಹುಲ್ಲು ಕೋರ್ಟಲ್ಲಿ ನಡೆಯಕಿಲ್ಲ ಅವ್ವ. ಕಾಗದ್ದಲ್ಲಿ ಕಮಿಟಿ ಒಪ್ಪಿದ್ರೆ ಅಂತ ಐತೆ. ಕಮಿಟಿ ಒಪ್ಪಿಲ್ಲ."

"ಕಮಿಟೀಲಿ ಯಾರ್‍ಯಾರವ್ರೆ?"

"ನಾನೂ ಒಬ್ಬ."

ಒಳಗಿನಿಂದ ನನ್ಯೋಕೆ ಕೂಗಿತು. ಕೆಚ್ಚಲು ಬಿಗಿದು ನೋವು ತಡೆಯಲಾರದ ಕೂಗು. ಮೊಲೆಯೂಡಿದವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೆಪುಕೋರಿ ದನಿ ತಗ್ಗಿಸಿದ. "ಒಂದ್ ಕೆಲಸ ಮಾಡಿ. ಸಂಜೆ ಹೊಸ ಗೆಸ್ಟುಗಳು ಬತ್ತಾರೆ. ಹೆಂಗಸ್ರೆಲ್ಲ ಮಣಿಸರ ಹಾಕ್ಕೊಂಡ್ ಬಂದು ಹಾಡೇಳಿ. ಅವ್ರಿಗೆ ಖುಷಿಯಾದ್ರೆ ಕಮಿಟೀಲಿ ನಾನೊಂದು ಮಾತು ಹಾಕ್ತೀನಿ."

"ಯಾವ್ ಹಾಡ್ಲಾ?" ಎಂದಳು ಸಿಲಾಂತೊಯ್. "ಕರ ಸತ್ತಿದ್ದರ ಹಾಡಾ?"

ನಾನು ಅವಳ ಕೈ ಹಿಡಿದೆ. "ಬತ್ತೀವಿ ಕಣಪ್ಪ," ಎಂದೆ.

ದಾರಿಯುದ್ದಕ್ಕೂ ಅವಳು ನನ್ನನ್ನು ಬೈದಳು. ನಾಚಿಕೆಗೆಟ್ಟವಳು ಎಂದಳು, ಮೊಲೆ ಕೊಟ್ಟಿದ್ದಕ್ಕೆ ಬಾಲ ಅಲ್ಲಾಡಿಸುವ ನಾಯಿ ಎಂದಳು. ಹಟ್ಟಿ ಹತ್ತಿರ ಬಂದಾಗ ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ. ಅವಳು ನಡುದಾರಿಯಲ್ಲೇ ಕುಕ್ಕರಿಸಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹೊತ್ತು ಇಳಿಯುವ ಮುಂಚೆ ಹನ್ನೊಂದು ಜನ ಹೆಂಗಸರು ಗೇಟಿನ ಮುಂದೆ ನಿಂತೆವು, ಕತ್ತಿನ ತುಂಬ ಮಣಿ, ಕೆಂಪು ಹೊದಿಕೆ. ನನ್ನ ಬೆನ್ನ ಮೇಲೆ, ಹೊದಿಕೆಯೊಳಗೆ, ನನ್ಯೋಕೆಯ ಕರು. ಅದರ ಬಿಸಿಯುಸಿರು ಕತ್ತಿಗೆ ತಾಗುತ್ತಿತ್ತು. ಮಿಕ್ಕ ಹದಿಮೂರು ಕರುಗಳು ಕಾಲ ಸುತ್ತ.

"ಇವೇನಕ್ಕೆ?" ಎಂದ ಗಾರ್ಡು.

"ಫೋಟೋಕ್ಕೆ ಕಣ್ಲಾ," ಎಂದಳು ಸಿಲಾಂತೊಯ್. "ಪುಟ್ ಕರ ಕಂಡ್ರೆ ಗೆಸ್ಟುಗಳಿಗೆ ಪ್ರಾಣವಂತೆ. ಮ್ಯಾನೇಜರೇ ಹೇಳವ್ನೆ, ಹೋಗ್ ಕೇಳು."

ಗೇಟು ತೆರೆಯಿತು.

ಹಾಡುತ್ತಲೇ ಹೋದೆವು. ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿದ್ದ ಕಡೆಗೆ ತಿರುಗದೆ ನೇರ ಅಡುಗೆಮನೆಯ ಹಿಂದಕ್ಕೆ ನಡೆದೆವು. ಹೋದ ವರ್ಷ ಆ ಕೊಂಡವಾಡ ಕಟ್ಟಲು ಸಂಘದವರು ಕರೆಸಿದ್ದು ನಮ್ಮನ್ನೇ. ನಮ್ಮಲ್ಲಿ ಮನೆ ಕಟ್ಟುವವರು ಹೆಂಗಸರಲ್ಲವೇ. ಯಾವ ಗಂಟು ಎಳೆದರೆ ಯಾವ ಗಳು ಬೀಳುತ್ತದೆಂದು ನಮ್ಮ ಬೆರಳಿಗೆ ಗೊತ್ತಿತ್ತು. ನಾಲ್ಕು ಗಂಟು ಬಿಚ್ಚಿದೆ. ಬೇಲಿಯ ಒಂದು ಮಗ್ಗುಲು ಪೂರಾ ಮಲಗಿತು.

ಕರುಗಳು ತಾಯಂದಿರ ಕೆಚ್ಚಲಿಗೆ ಬಿದ್ದವು. ನನ್ನದಕ್ಕೆ ನಿಲ್ಲಲಾಗಲಿಲ್ಲ. ಹೊಟ್ಟೆಯಡಿ ಕೈಕೊಟ್ಟು ಎತ್ತಿ ಹಿಡಿದು ಬಾಯಿಗೆ ಮೊಲೆಯಿಟ್ಟೆ. ಎರಡು ಸಲ ಜಾರಿತು. ಮೂರನೆಯ ಸಲ ಕಚ್ಚಿಕೊಂಡಿತು.

ಹಿಂದಿನ ದಿನದಿಂದ ಬಾಯಿಗೆ ಎಸಳು ಹುಲ್ಲು ಕಾಣದ ಹಸುಗಳು ನಿಲ್ಲುತ್ತವೆಯೇ? ಕೊಳವೆ ನೀರು ಕುಡಿದು ಬೆಳೆದ ಹುಲ್ಲುಹಾಸಿಗೆ ನುಗ್ಗಿದವು. ನನ್ಯೋಕೆಯೂ ನಡೆಯಿತು, ನಾನು ಕರುವನ್ನೆತ್ತಿಕೊಂಡು ಹಿಂದೆ. ಕುರ್ಚಿಯಲ್ಲಿದ್ದ ಬಿಳಿ ಮುದುಕಿಯೊಬ್ಬಳು ಇದೂ ಕಾರ್ಯಕ್ರಮವೆಂದುಕೊಂಡು ಚಪ್ಪಾಳೆ ತಟ್ಟಿದಳು.

ಗಾರ್ಡುಗಳು ದೊಣ್ಣೆ ಹಿಡಿದು ಓಡಿಬಂದರು. ನಮ್ಮ ಹೆಂಗಸರು ಬಿದ್ದ ಗಳುಗಳನ್ನು ಎತ್ತಿಕೊಂಡರು. ಆಗ ಮೆಪುಕೋರಿ ನಡುವೆ ನುಗ್ಗಿ, ಬಗ್ಗಿ, ಹುಲ್ಲುಹಾಸಿನಿಂದ ಒಂದು ಹಿಡಿ ಕಿತ್ತು ಮೇಲೆತ್ತಿದ.

ಎಲ್ಲರ ಕೈ ಇಳಿಯಿತು. ಗಾರ್ಡುಗಳದೂ ಇಳಿಯಿತು, ಸಿಲಾಂತೊಯ್‌ಳದೂ ಇಳಿಯಿತು.

"ಅವ್ವ," ಎಂದ. ಕನ್ನಡಕ ಎಲ್ಲೋ ಬಿದ್ದುಹೋಗಿತ್ತು. "ನಂದು ತಪ್ಪಾಯ್ತು. ಗೆಸ್ಟುಗಳ ಮುಂದೆ ನನ್ ಮಾನ ಕಳೀಬ್ಯಾಡ. ಈಗ ಹಸ ಒಳಿಕ್ ಹೊಡೀರಿ, ನಾಳೆ ಬಿಡುಸ್ತೀನಿ. ಇಗಾ, ಹುಲ್ಲು ಹಿಡ್ದಿವ್ನಿ."

ಹಾಗೆಂದು ನನ್ನ ಮುಂದೆ ತಲೆ ಬಗ್ಗಿಸಿದ.

ಕರುವನ್ನು ಕೆಳಗಿಟ್ಟೆ. ಅದು ನಡುಗುತ್ತ ನಿಂತಿತು. ನಾನು ಮೆಪುಕೋರಿಯ ಮಣಿಕಟ್ಟು ಹಿಡಿದು, ಚಿಕ್ಕಂದಿನಲ್ಲಿ ಅವನು ಮುಚ್ಚಿಟ್ಟುಕೊಂಡ ಮಣ್ಣನ್ನು ಬಿಡಿಸಿದ ಹಾಗೆ, ಒಂದೊಂದೇ ಬೆರಳು ಬಿಡಿಸಿದೆ. ಹುಲ್ಲನ್ನು ತೆಗೆದುಕೊಂಡು ನನ್ಯೋಕೆಯ ಬಾಯಿಗೆ ಹಿಡಿದೆ. ಅದು ನಾಲಿಗೆ ಚಾಚಿ ಸೆಳೆದುಕೊಂಡಿತು.

ಗೇಟಿನ ಕಡೆಯಿಂದ ಸಂಘದ ಜೀಪುಗಳ ಸದ್ದು ಬರುತ್ತಿತ್ತು. ಸಿಲಾಂತೊಯ್ ಮತ್ತೆ ಗಳು ಎತ್ತಿಕೊಂಡಳು.

ಅವನ ತಲೆ ಇನ್ನೂ ಬಗ್ಗಿಯೇ ಇತ್ತು. ನಾನು ಮುಟ್ಟಲಿಲ್ಲ.