ಇದ್ದವರ ಪೈಕಿ

ಆಂಟಾಪ್ ಹಿಲ್‌ನ ಆ ಬಿಲ್ಡಿಂಗಿನಲ್ಲಿ ಕಾಶಿನಾಥ ಇದ್ದವರ ಪೈಕಿ, ಕೈಯಲ್ಲಿ ದುಡ್ಡಿರುವವನು, ಎಂದೇ ಎಲ್ಲರ ನಂಬಿಕೆ. ಮನೆ ಬಾಡಿಗೆಯದೆಂದು ಯಾರಿಗೂ ಗೊತ್ತಿರಲಿಲ್ಲ. ಬೈಕುಲ್ಲಾದಲ್ಲಿ ಅವನು ಸೇಲ್ಸ್‌ಮನ್ ಆಗಿದ್ದ ಬಟ್ಟೆ ಅಂಗಡಿ ಮುಚ್ಚಿ ವರ್ಷಗಳಾಗಿರುವುದು ಹೆಂಡತಿ ಶುಭಾಂಗಿಯನ್ನು ಬಿಟ್ಟರೆ ಬೇರೆಯವರಿಗೆ ತಿಳಿದಿರಲಿಲ್ಲ. ಬೆಳಿಗ್ಗೆಯಾದರೆ ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು ಹಾಕಿಕೊಂಡು ಮೊದಲಿನ ಹಾಗೆಯೇ ಹೊರಡುತ್ತಿದ್ದ. ಬಟ್ಟೆಯ ಸ್ಯಾಂಪಲ್ ಹಿಡಿದು ಅಂಗಡಿ ಅಂಗಡಿ ಅಲೆದು ಒಂದಿಷ್ಟು ಕಮಿಷನ್ ತರುತ್ತಿದ್ದ. ತಂದದ್ದು ಊಟಕ್ಕಾದರೆ ಬಾಡಿಗೆಗಿಲ್ಲ, ಬಾಡಿಗೆಗಾದರೆ ಊಟಕ್ಕಿಲ್ಲ.

ವಿಜಯಪುರದಿಂದ ಹೊಸದಾಗಿ ಬಂದಾಗ ಯಾರದೋ ಮದುವೆಯಲ್ಲಿ ಅವನ ಮಾಸಿದ ಅಂಗಿ ನೋಡಿ, ಅಡುಗೆಯ ಆಳೆಂದು ತಿಳಿದು, ಪಂಕ್ತಿಯಿಂದ ಎಬ್ಬಿಸಿದ್ದರಂತೆ. ಅದನ್ನು ಶುಭಾಂಗಿಗೆ ಒಮ್ಮೆ ಮಾತ್ರ ಹೇಳಿದ್ದ. ಆ ಮದುವೆಯ ದಿನದಿಂದ ಹೋಟೆಲಿನಲ್ಲಿ ನಾಲ್ಕು ಜನ ಕೂತರೆ ಬಿಲ್ಲಿಗೆ ಮೊದಲು ಚಾಚುವ ಕೈ ಅವನದೇ. ಮದುವೆ ಮುಂಜಿಗೆ ಕೊಡುವ ಲಕೋಟೆ ಎಂದೂ ತೆಳ್ಳಗಿರಬಾರದು. ಅವಳ ಬಂಗಾರ ಒಂದೊಂದಾಗಿ ಹೋಗಿ, ಅದರ ಜಾಗಕ್ಕೆ ಗಿಲೀಟಿನ ಬಳೆಗಳು ಬಂದವು. ಪಾತ್ರೆ ತೊಳೆಯುವ ಚನ್ನವ್ವನನ್ನು ಬಿಡಿಸೋಣವೆಂದರೆ ಅದಕ್ಕೂ ಅವನು ಒಪ್ಪಲಿಲ್ಲ.

"ಕೈ ಹಿಂದ ತಗದ್ರ ಮಂದಿ ನಮ್ಮನ್ನ ಲೆಕ್ಕಕ್ಕ ಇಡಾಂಗಿಲ್ಲ. ಬಟ್ಟಿ ನೋಡಿ ಕೂಡಾಕ ಮಣಿ ಹಾಕೋ ಊರು ಇದು" ಎನ್ನುತ್ತಿದ್ದ.

ಒಂದು ದಿನ ವಡಾಲ ಸ್ಟೇಶನ್ನಿನ ಸೇತುವೆ ಹತ್ತುವಾಗ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆಯೇ ಕೂತುಬಿಟ್ಟ. ಹೃದಯದ ಕವಾಟ ಕೆಟ್ಟಿದೆ, ಆಪರೇಶನ್ ಆಗಲೇಬೇಕು ಎಂದರು ಡಾಕ್ಟರು. ಸರಕಾರಿ ಆಸ್ಪತ್ರೆಯಲ್ಲಿ ಹೆಸರು ಬರೆಸಿದರು, ಪಾಳಿ ಬರಲು ತಿಂಗಳುಗಳೇ ಬೇಕಿದ್ದವು. ಟ್ರಸ್ಟಿನ ಆಸ್ಪತ್ರೆಯೊಂದರಲ್ಲಿ ಬಡವರಿಗೆಂದು ಫಂಡ್ ಇದೆ, ಅಲ್ಲಿ ಕೇಳಿ ನೋಡಿ ಎಂದು ನರ್ಸ್ ಒಬ್ಬಳು ಹೇಳಿದಳು.

ಹೊರಡುವ ದಿನ ಅವನು ಕೆನೆಬಣ್ಣದ ಹೊಸ ಅಂಗಿ ತೆಗೆದ.

"ದಿನಾ ಹಾಕೂದ ಹಾಕ್ಕೋರಿ" ಎಂದಳು ಶುಭಾಂಗಿ.

"ಭಿಕ್ಷಾ ಬೇಡಾಕ ಹೊಂಟೇವೇನು? ನೀನೂ ಆ ಇಳಕಲ್ ರೇಶ್ಮಿ ಉಟ್ಕೋ. ಹರಕ ಉಟ್ಟು ಹೋದ್ರ ವಾಚ್‌ಮನ್ ಒಳಗ ಬಿಡಾಂಗಿಲ್ಲ."

ಅವಳು ಉಟ್ಟಳು. ಆಸ್ಪತ್ರೆಯ ಬಾಕಿನ ಮೇಲೆ ಕಾಯುತ್ತಿದ್ದಾಗ ಚಹಾದವನು ಬಂದ. ಕಾಶಿನಾಥ ತನ್ನದರ ಜೊತೆಗೆ ಬಾಕಿನ ಮೇಲಿದ್ದವರೆಲ್ಲರಿಗೂ ಚಹಾ ಕೊಡಿಸಿ, ಚಿಲ್ಲರೆ ನೀನೇ ಇಟ್ಟುಕೋ ಎಂದ. ಗಾಜಿನ ಆಚೆ ಕೂತಿದ್ದ ಫಂಡಿನ ಮೇಡಂ ಅದನ್ನು ನೋಡುತ್ತಿದ್ದುದು ಶುಭಾಂಗಿಯ ಕಣ್ಣಿಗೆ ಬಿತ್ತು.

ಒಳಗೆ ಕರೆದಾಗ ಮೇಡಂ ಕಾಗದಗಳಿಗಿಂತ ಹೆಚ್ಚು ಹೊತ್ತು ಅವಳ ಬಳೆಗಳನ್ನೂ ಅವನ ಬೂಟನ್ನೂ ನೋಡಿದಳು. ಆಮೇಲೆ ಮೆತ್ತಗೆ, "ಕಾಕಾ, ಯೆ ಫಂಡ್ ಗರೀಬ್ ಲೋಗೋಂಕೆ ಲಿಯೇ ಹೈ" ಎಂದಳು.

ಬಳೆ ಗಿಲೀಟಿನವು ಎನ್ನಲು ಶುಭಾಂಗಿ ಬಾಯಿ ತೆರೆಯುವಷ್ಟರಲ್ಲಿ ಕಾಶಿನಾಥ ಎದ್ದು ನಿಂತಿದ್ದ. "ಕೋಯೀ ಬಾತ್ ನಹೀಂ ಮೇಡಂ" ಎಂದ, ಲೋಕಲ್‌ನಲ್ಲಿ ಯಾರಿಗೋ ಸೀಟು ಬಿಟ್ಟುಕೊಟ್ಟವನ ಹಾಗೆ.

ಹೊರಗೆ ಬಂದು ಅವಳು ಅತ್ತಳು. "ನಮ್ಮ ಹತ್ರ ಇಲ್ಲ ಅಂತ ಒಂದ್ ಮಾತು ಹೇಳೂದಿತ್ತಲ್ರೀ."

"ಬಾಯಿಂದ ಬರಲಿಲ್ಲ" ಎಂದ ಅವನು.

ಮಳೆಗಾಲ ಶುರುವಾಗುವ ಹೊತ್ತಿಗೆ ಅವನಿಗೆ ಬಚ್ಚಲಿಗೆ ನಡೆದುಹೋಗುವುದೂ ಕಷ್ಟವಾಯಿತು. ಶುಭಾಂಗಿ ತಾನೊಬ್ಬಳೇ ಮತ್ತೆ ಹೋಗಿ ಕೇಳುವುದೆಂದು ನಿಶ್ಚಯಿಸಿದಳು. ಆದರೆ ಬಡವರ ಹಾಗೆ ಉಟ್ಟುಕೊಂಡು ಹೋಗಲು ಅವಳ ಕಪಾಟಿನಲ್ಲಿ ಸೀರೆಯೇ ಇರಲಿಲ್ಲ. ಬಣ್ಣ ಮಾಸುವ ಮೊದಲೇ ಚನ್ನವ್ವನಿಗೆ ಕೊಟ್ಟುಬಿಡುವುದು ಮನೆಯ ರೂಢಿ.

"ಚನ್ನವ್ವಾ, ನಾ ಕೊಟ್ಟಿದ್ದ ಹಳೇ ಸೀರಿ ಒಂದು ತಂದ್ ಕೊಡ್ತೀ? ಒಂದ್ ದಿನದ ಮಟ್ಟಿಗೆ."

ಚನ್ನವ್ವ ಬೂದಿಗೈಯಲ್ಲೇ ತಿರುಗಿದಳು. "ಅವು ಹಳೇವು ಎಲ್ಲಿ ಅಕ್ಕಾರ? ಮದುವಿ ಹಬ್ಬಕ್ಕ ಅಂತ ಟ್ರಂಕಿನ್ಯಾಗ ಇಟ್ಟೀನಿ. ಯಾಕ್ರಿ?"

ಶುಭಾಂಗಿ ಎಲ್ಲವನ್ನೂ ಹೇಳಿದಳು. ಹೊರಗಿನವರೊಬ್ಬರ ಮುಂದೆ ಅವಳು ಹಾಗೆ ಬಾಯಿಬಿಟ್ಟದ್ದು ಅದೇ ಮೊದಲು. ಮರುದಿನ ಚನ್ನವ್ವ ತಾನು ದಿನಾ ಉಡುವುದನ್ನೇ ಒಗೆದು, ಮಡಚಿ, ಪ್ಲಾಸ್ಟಿಕ್ ಚೀಲದಲ್ಲಿ ತಂದಳು. "ಇದು ನಡೀತದ ನೋಡ್ರಿ" ಎಂದಳು. ಸೆರಗಿನ ಅಂಚು ಎಳೆಎಳೆಯಾಗಿತ್ತು.

ಅದನ್ನುಟ್ಟು, ಬಳೆ ಬಿಚ್ಚಿಟ್ಟು, ಗಂಡ ನಿದ್ದೆಯಲ್ಲಿದ್ದಾಗಲೇ ಶುಭಾಂಗಿ ಹೊರಟಳು. ಲಿಫ್ಟಿನಲ್ಲಿ ಮೇಲಿನ ಮಹಡಿಯ ಇಬ್ಬರು ಹೆಂಗಸರಿದ್ದರು. ಅವಳನ್ನು ಮೇಲಿಂದ ಕೆಳಗೆ ನೋಡಿ ಮಾತು ನಿಲ್ಲಿಸಿದರು.

ಮೇಡಂಗೆ ಅವಳ ಗುರುತು ಹತ್ತಿತು. "ಉಸ್ ದಿನ್ ಸಿಲ್ಕ್, ಆಜ್ ಯೆ" ಎಂದು ಪೆನ್ನು ಕೆಳಗಿಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇಂಥದ್ದನ್ನು ಬಹಳ ಕಂಡವರ ಆಯಾಸವಿತ್ತು.

ಶುಭಾಂಗಿ ಈ ಸಲ ಸುಮ್ಮನಿರಲಿಲ್ಲ. ಅಂಗಡಿ ಮುಚ್ಚಿದ್ದು, ಬಾಡಿಗೆ ಮನೆ, ಗಿಲೀಟಿನ ಬಳೆ, ಎಲ್ಲವನ್ನೂ ತನಗೆ ಬರುವ ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳಿದಳು. ರೇಷ್ಮೆ ಸೀರೆ ತವರಿನವರು ಮದುವೆಯಲ್ಲಿ ಕೊಟ್ಟದ್ದು ಎಂದಳು. ಮೇಡಂನ ಮುಖ ಸ್ವಲ್ಪ ಸಡಿಲವಾಯಿತು. ಇನ್ನೊಂದು ಮಾತು ನಿಜ ಹೇಳಿದರೆ ಪೂರ್ತಿ ನಂಬುತ್ತಾಳೆ ಎನಿಸಿ ಶುಭಾಂಗಿ ಅದನ್ನೂ ಹೇಳಿದಳು: ಈ ಸೀರೆಯೂ ತನ್ನದಲ್ಲ, ಮನೆ ಕೆಲಸದವಳದು.

ಮೇಡಂ ತಲೆ ಎತ್ತಿದಳು. "ಕಾಮ್‌ವಾಲೀ ಭೀ ಹೈ ಆಪ್‌ಕೇ ಘರ್?"

ಕೆಲಸದವಳೂ ಇದ್ದಾಳೆಂದ ಮೇಲೆ ಅಲ್ಲಿಗೆ ಮಾತು ಮುಗಿಯಿತು. ಹೊರಗಿನಿಂದ ಮುಂದಿನವರನ್ನು ಕರೆದರು.

ಮನೆಗೆ ಬಂದಾಗ ಕಾಶಿನಾಥ ಎಚ್ಚರವಾಗಿದ್ದ. ಬಾಗಿಲಲ್ಲಿ ನಿಂತ ಹೆಂಡತಿಯನ್ನು ಒಂದು ಗಳಿಗೆ ಗುರುತು ಸಿಗದವನ ಹಾಗೆ ನೋಡಿದ. ಎಲ್ಲಿಗೆ ಹೋಗಿದ್ದಿ, ಏನಾಯಿತು ಎಂದು ಕೇಳಲಿಲ್ಲ.

"ಯಾರರ ನೋಡಿದ್ರೇನು?" ಎಂದ.

"ಯಾರೂ ನೋಡಿಲ್ರಿ" ಎಂದಳು.

ಅವನು ಗೋಡೆಯ ಕಡೆ ಹೊರಳಿ ಮಲಗಿದ. ಅಲ್ಲಿಂದ ಮುಂದೆ ಅವಳೊಡನೆ ಔಷಧಿ, ನೀರು ಬಿಟ್ಟು ಬೇರೆ ಮಾತಾಡಲಿಲ್ಲ. ಸರಕಾರಿ ಆಸ್ಪತ್ರೆಯ ಪಾಳಿ ಬರುವ ಮೊದಲೇ, ಮಳೆ ಜಡಿಯುತ್ತಿದ್ದ ಒಂದು ಮಧ್ಯಾಹ್ನ, ಅವಳು ಗಂಜಿ ಆರಿಸುತ್ತ ಕೂತಿದ್ದಾಗ, ಹೋಗಿಬಿಟ್ಟ.

ಮಾತಾಡಿಸಲು ಬಂದವರಿಗೆ ಲೆಕ್ಕವಿರಲಿಲ್ಲ. ಅವನ ಕೈಯಿಂದ ಉಂಡವರು ಅಷ್ಟು ಜನ. ಊರ ಕಡೆಯವರ ಸಂಘದ ಅಧ್ಯಕ್ಷ ಶರಣ ಎಂಬುವವರೂ ಬಂದರು. ಹೊತ್ತು ನೋಡಿ ಮೆಲ್ಲಗೆ ಮಾತು ತೆಗೆದರು.

"ಕಾಶಿನಾಥ ಅವರ ಹೆಸರಿನ್ಯಾಗ ಬಡ ರೋಗಿಗಳಿಗೆ ಒಂದು ನಿಧಿ ಇಡೂಣು ಅಂತ ಎಲ್ಲಾರ ವಿಚಾರ ಐತ್ರಿ, ತಂಗೇರ. ನೀವು ಮೊದಲ ಒಂದು ಮೊತ್ತ ಹೇಳಿಬಿಟ್ರ, ಉಳಿದವರೂ ಕೊಡ್ತಾರ."

ಶುಭಾಂಗಿ ಅವರನ್ನು ನೋಡಿದಳು. "ನಮ್ಮ ಹತ್ರ ಏನೂ ಇಲ್ರಿ ಅಣ್ಣಾರ" ಎಂದಳು. "ನಾಡಿದ್ದಿನ ಬಾಡಿಗೀಗೂ ಇಲ್ಲ. ರೊಕ್ಕ ಇಲ್ಲದ್ದಕ್ಕ ಸತ್ರು ಅವರು."

ಶರಣ ಅವರು ಸಂತಾಪದಿಂದ ತಲೆದೂಗಿದರು. "ತಿಳೀತದ್ರಿ. ದುಃಖದಾಗ ಇದ್ದೀರಿ. ಅವಸರ ಇಲ್ಲ, ಹದಿಮೂರು ದಿನ ಮುಗೀಲಿ" ಎಂದು ಎದ್ದರು.

ಅವರು ಹೊರಟ ಮೇಲೆ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದ ಹೆಂಗಸರ ಗುಸುಗುಸು ಅವಳಿಗೆ ಸರಿಯಾಗಿಯೇ ಕೇಳಿಸಿತು.

"ಮಕ್ಕಳಿಲ್ಲ ಮರಿಯಿಲ್ಲ, ಯಾರಿಗಂತ ಕೂಡಿಟ್ಟಾಳವ್ವಾ?"

"ಗಂಡನ ಜೀವಕ್ಕ ಬಿಚ್ಚದಾಕಿ ಸಂಘಕ್ಕ ಬಿಚ್ತಾಳೇನು? ಹರಕ ಸೀರಿ ಉಟ್ಟು ಫುಕಟ್ ಆಪರೇಶನ್ ಕೇಳಾಕ ಹೋಗಿದ್ಳಂತ."

ಶುಭಾಂಗಿ ಕೂತಲ್ಲಿಂದ ಏಳಲಿಲ್ಲ. ಹೇಳಬೇಕಾದ್ದನ್ನು ಆಗಲೇ ಹೇಳಿ ಆಗಿತ್ತು.