ದೊಡ್ಡಮ್ಮ ಒರೆಸಿದ ಬಿಳಿ ಗೆರೆ

ನಮ್ಮ ದೊಡ್ಡಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. ಅವರು ಸ್ವಂತ ಹೆಂಡತಿಯ ಲಾಂಡ್ರಿಗೆ ಕಟ್ಟಿಕೊಟ್ಟ ನೀರಿನ ತೊಟ್ಟಿಯೇ ಸೋರಿದರೆ ಹೇಗಾಗಬೇಡ? ಕೂದಲೆಳೆಯಷ್ಟು ಬಿರುಕು, ಅದರಿಂದ ತೊಟತೊಟ ನೀರು.

"ನಿನ್ನ ಮಾತು ಕೇಳಿ ಕೆಟ್ಟೆ ಕಣೇ! ಬೂದಿ ಬೆರೆಸಿದ ಸಿಮೆಂಟಲ್ಲಿ ತೊಟ್ಟಿ ಕಟ್ತಾರಾ ಯಾರಾದ್ರೂ?" ಎಂದು ನನ್ನ ಮೇಲೆ ಹರಿಹಾಯ್ದರು.

ಆ ಸಿಮೆಂಟನ್ನು ಅವರ ತಲೆಗೆ ಕಟ್ಟಿದವಳು ನಾನೇ. ಸಿಮೆಂಟ್ ಪರೀಕ್ಷಿಸುವ ಲ್ಯಾಬಿನಲ್ಲಿ ಕಾಂಕ್ರೀಟ್ ತುಂಡುಗಳನ್ನು ಒಡೆದು ನೋಡುವುದು ನನ್ನ ಕೆಲಸ. ಒಡೆಯೋದಕ್ಕೂ ಸಂಬಳ ಕೊಡ್ತಾರಾ ಎಂದು ದೊಡ್ಡಪ್ಪ ಛೇಡಿಸುತ್ತಿದ್ದರು.

"ಮೂರು ವಾರ ನೀರು ತುಂಬಿಸೇ ಇಡಿ ದೊಡ್ಡಪ್ಪ. ಒಳಗಿರೋ ಬೂದಿ ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ. ನೀರು ಸಿಕ್ರೆ ಸಿಮೆಂಟಲ್ಲಿರೋ ಸುಣ್ಣದ ಜೊತೆ ಸೇರಿ ಬಿರುಕು ತಾನೇ ಮುಚ್ಕೊಳ್ಳುತ್ತೆ."

"ಗೋಡೆಗೆ ಆದ ಗಾಯ ಮಾಯುತ್ತಾ? ಸರಿ, ಮೂರು ವಾರ. ಸೋರೋದು ನಿಲ್ಲಲಿಲ್ಲ ಅಂದ್ರೆ ತೊಟ್ಟೀನೂ ಒಡೀತೀನಿ, ಕರಣೇನೂ ಎತ್ತಿಟ್ಟುಬಿಡ್ತೀನಿ. ಸಾಕು ಈ ಕೆಲಸ."

ತಮಾಷೆಗೆ ಹೇಳಿದ್ದಲ್ಲ. ಕೈಯಲ್ಲಿ ಕರಣೆಯಿಲ್ಲದ ದೊಡ್ಡಪ್ಪನನ್ನು ನೆನೆದೇ ನನಗೆ ಸಂಕಟವಾಯಿತು.

ಬಿರುಕಿನ ಕೆಳಗೆ ಲೋಟ ಇಟ್ಟೆ. ಮೊದಲ ದಿನ ಅದು ತುಂಬಲು ಒಂದು ಗಂಟೆ ಹಿಡಿಯಿತು. ದಿನಾ ಸಂಜೆ ಕೆಲಸ ಮುಗಿಸಿ ಬಂದು ನೋಡುತ್ತಿದ್ದೆ; ಹತ್ತು ದಿನ ಕಳೆದರೂ ಅದೇ ಒಂದು ಗಂಟೆ! ಲ್ಯಾಬಿನಲ್ಲಾದರೆ ಅಷ್ಟರಲ್ಲಿ ಬಿರುಕಿನುದ್ದಕ್ಕೂ ಬಿಳಿ ಗೆರೆ ಮೂಡುತ್ತಿತ್ತು. ಇಲ್ಲಿ ಅದರ ಸುಳಿವೇ ಇಲ್ಲ. ದೊಡ್ಡಪ್ಪ ಸುತ್ತಿಗೆಗೆ ಹೊಸ ಹಿಡಿ ಹಾಕಿಸಿಕೊಂಡು ಬಂದರು.

ಹನ್ನೊಂದನೇ ದಿನ ರಜೆ ಹಾಕಿ ಬೆಳಿಗ್ಗೆಯೇ ಲಾಂಡ್ರಿಗೆ ಹೋದೆ. ದೊಡ್ಡಮ್ಮ ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯಿಂದ ಬಿರುಕನ್ನು ಗಸಗಸ ಉಜ್ಜುತ್ತಿದ್ದರು.

"ಏನ್ ಮಾಡ್ತಿದೀರಿ ದೊಡ್ಡಮ್ಮ?"

"ದಿನಾ ಇಲ್ಲೊಂದು ಬಿಳೀ ಕಲೆ ಬರುತ್ತೆ ಕಣೇ. ಕಲೆ ತೆಗೆಯೋ ಅಂಗಡೀಲೇ ಕಲೆ ಇದ್ರೆ ಗಿರಾಕಿಗಳು ಏನಂದ್ಕೋತಾರೆ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅದು ಕಲೆ ಅಲ್ಲ, ತೊಟ್ಟಿ ತಾನೇ ಹಾಕ್ಕೊಳ್ತಿರೋ ತೇಪೆ! ಹುಳಿ ಬಿದ್ರೆ ಆ ಸುಣ್ಣ ಕರಗೇ ಹೋಗುತ್ತೆ."

ದೊಡ್ಡಮ್ಮ ನಾಲಿಗೆ ಕಚ್ಚಿಕೊಂಡರು. ಅಂದಿನಿಂದ ಆ ಗೆರೆ ಕಣ್ಣಿಗೆ ಬೀಳಬಾರದೆಂದು ತೊಟ್ಟಿಯಿಂದ ಮುಖ ತಿರುಗಿಸಿಕೊಂಡೇ ಓಡಾಡಿದರು, ಪಾಪ. ಲೋಟ ತುಂಬಲು ಮೂರು ಗಂಟೆಯಾಯಿತು, ಆಮೇಲೆ ಅರ್ಧ ದಿನ.

ಇಪ್ಪತ್ತೊಂದನೇ ದಿನ ದೊಡ್ಡಪ್ಪ ಸುತ್ತಿಗೆ ಹಿಡಿದೇ ಬಂದರು. ಲೋಟದಲ್ಲಿ ಹನಿ ನೀರಿರಲಿಲ್ಲ. ನಂಬದೆ, ಹಳೆಯ ಪೇಪರ್ ಹರಿದು ಬಿರುಕಿಗೆ ಒತ್ತಿ ಹಿಡಿದರು. ಪೇಪರ್ ಚೂರೂ ಒದ್ದೆಯಾಗಲಿಲ್ಲ. ನಾನು ಚಪ್ಪಾಳೆ ತಟ್ಟಿಬಿಟ್ಟೆ.

ಅವರು ಮಾತ್ರ ಮಗುಚಿಟ್ಟ ಬಕೆಟ್ ಮೇಲೆ ಕುಸಿದು ಕೂತರು. "ಕಟ್ಟಿದ್ಮೇಲೆ ಈ ಸಿಮೆಂಟಿಗೆ ಎರಡು ವಾರ ದಿನಾ ನೀರು ಹಾಕಿ ಅಂದಿದ್ದೆ ನೀನು. ನಾನು ಹಳೇ ರೂಢೀಲಿ ಏಳೇ ದಿನಕ್ಕೆ ನಿಲ್ಲಿಸ್ದೆ. ಬಿರುಕು ಬಿಟ್ಟಿದ್ದು ಅದಕ್ಕೇ ಅಂತ ಮೊದಲ ದಿನಾನೇ ಗೊತ್ತಿತ್ತು. ಬಾಯಿ ಬರಲಿಲ್ಲ, ನಿನ್ನ ಮೇಲೆ ಹಾಕ್ಬಿಟ್ಟೆ."

ದೊಡ್ಡಪ್ಪ ತಪ್ಪು ಒಪ್ಪಿಕೊಂಡದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ನಾಳೆಯಿಂದ ಇನ್ನೊಂದು ತೊಟ್ಟಿ ಕೆಲಸ ಇದೆ," ಎಂದರು, ನನ್ನ ಮುಖ ನೋಡದೆ. "ಇದೇ ಸಿಮೆಂಟು. ನೀನು ಬಂದು ಸಾಕು ಅನ್ನೋವರೆಗೂ ನೀರು ಹಾಕೋದು ನಿಲ್ಲಿಸಲ್ಲ."