ಹಾರಿ ಬಂದವನ ಮರಿ

ಮೃಗಾಲಯದ ಕೊಳದ ಹಕ್ಕಿಗಳನ್ನು ನೋಡಿಕೊಳ್ಳುವ ಅತ್ತೆಗೂ ಅಲ್ಲೇ ಪಶುವೈದ್ಯನಾಗಿದ್ದ ಅಳಿಯನಿಗೂ ಒಂದು ಒಪ್ಪಂದವಿತ್ತು: ಗೇಟಿನೊಳಗೆ ನೆಂಟಸ್ತನ ಇಲ್ಲ. ಅವಳು ‘ಡಾಕ್ಟ್ರೇ’ ಅನ್ನಬೇಕು, ಅವನು ‘ಅಮ್ಮಾ’ ಅನ್ನಬೇಕು. ಆವತ್ತು ಆ ಒಪ್ಪಂದ ಕೊಳಕ್ಕೆ ಬಿತ್ತು.

ಕೊಳದ ನಡುಗಡ್ಡೆಯಲ್ಲಿ ಜೋಳಿಗೆ ಕೊಕ್ಕಿನ ಹೆಣ್ಣು ಹೆಜ್ಜಾರ್ಲೆಯೊಂದಿತ್ತು. ಮರಿಯಿದ್ದಾಗಲೇ ಅದರ ಒಂದು ರೆಕ್ಕೆಯ ತುದಿ ಕತ್ತರಿಸಿದ್ದರು. ಹಾರುವ ಮಾತೇ ಇಲ್ಲ. ಹೊರಗಿನಿಂದ ಹಾರಿ ಬಂದ ಗಂಡೊಂದು ಅದಕ್ಕೆ ಮನಸೋತು, ಆಕಾಶವೆಲ್ಲ ತನ್ನದಾಗಿದ್ದರೂ ಇಲ್ಲೇ ಠಿಕಾಣಿ ಹೂಡಿತು. ಮೊಟ್ಟೆಯಾಯಿತು, ಮರಿಯಾಯಿತು. ಬೋಳು ಮೈ, ಸುಕ್ಕು ಮೂತಿ, ಹೆತ್ತವರಿಗಷ್ಟೇ ಮುದ್ದು. ಮೇಲಿನ ಸಾಹೇಬರು ಅಪ್ಪಣೆ ಕೊಟ್ಟರು: ಇಲ್ಲಿ ಹುಟ್ಟಿದ್ದು ನಮ್ಮದು, ಎಲುಬು ಗಟ್ಟಿಯಾಗುವ ಮೊದಲೇ ರೆಕ್ಕೆ ಕತ್ತರಿಸಿ.

ಅಳಿಯ ಕತ್ತರಿ ಹಿಡಿದು ದೋಣಿಯಿಂದ ಇಳಿದ. “ಅಮ್ಮಾ, ಮರೀನ ಸ್ವಲ್ಪ ಹಿಡ್ಕೊಳ್ಳಿ.”

“ಹಿಡಿಯಲ್ಲ.”

“ನೋವಾಗದ ಹಾಗೆ ಇಂಜೆಕ್ಷನ್ ಕೊಡ್ತೀನಿ.”

“ಅಪ್ಪ ಹಾರೋದನ್ನ ದಿನಾ ನೆಲದಿಂದ ನೋಡ್ತಾ ಕೂತಿರುತ್ತಲ್ಲ, ಅದಕ್ಕೆ ಯಾವ ಇಂಜೆಕ್ಷನ್ ಇದೆ, ಅಳಿಯಂದಿರೇ?”

“ಅತ್ತೆ, ಇಲ್ಲಿ ನೆಂಟಸ್ತನ ಬೇಡ ಅಂದಿದ್ದೆ…”

“ನೀವೇ ಈಗ ಅತ್ತೆ ಅಂದ್ರಿ! ಕೇಳಿಸ್ಕೊಳ್ಳಿ. ನೀವೂ ಹೊರಗಿಂದ ಬಂದು ನನ್ನ ಮನೇಲೇ ಉಳಿದ ಅಳಿಯ. ನಿಮ್ಮ ಕೂಸು ಹುಟ್ಟಿದ್ದೂ ಅಲ್ಲೇ. ಅದು ಹೊಸಿಲು ದಾಟ್ಬಾರ್ದು ಅಂತ ನಾನು ಅದರ ಕಾಲಿಗೆ ಕತ್ತರಿ ತಂದ್ನಾ?”

ದೋಣಿಯವನು ನಗು ನುಂಗಲಾರದೆ ಕೆಮ್ಮಿದ.

“ನಾನು ಮಾಡ್ದಿದ್ರೆ ಬೇರೆಯವರನ್ನ ಕಳಿಸ್ತಾರೆ.”

“ಕಳಿಸ್ಲಿ. ಅವರ ಕೈ ಅವರಿಷ್ಟ. ನಿಮ್ಮ ಕೈಗೆ ದಿನಾ ಊಟ ಬಡಿಸೋಳು ನಾನು.”

ಅಳಿಯ ತನ್ನ ಕೈಯನ್ನೇ ನೋಡಿಕೊಂಡ. ಆಮೇಲೆ ಕತ್ತರಿಯನ್ನು ಚೀಲಕ್ಕೆ ತುರುಕಿದ.

“ಎಲುಬು ಆಗಲೇ ಬಲಿತುಬಿಟ್ಟಿದೆ ಸಾರ್, ಈಗ ಕತ್ತರಿಸಿದ್ರೆ ಸಾಯುತ್ತೆ” ಎಂದು ಸಾಹೇಬರಿಗೆ ಹೇಳಿದ. ಹಸೀ ಸುಳ್ಳು. ಸಾಹೇಬರು ನಂಬಿದರು; ಆದರೆ ನಡುಗಡ್ಡೆಯ ಜಗಳ ಕಿವಿಗೆ ಬಿದ್ದದ್ದೇ ಅತ್ತೆಯನ್ನು ಗಿಳಿಗಳ ಪಂಜರದ ಕೆಲಸಕ್ಕೆ ಎತ್ತಿಹಾಕಿದರು.

ಮರಿ ಬಲಿತು, ಒಂದು ಬೆಳಿಗ್ಗೆ ಅಪ್ಪನ ಹಿಂದೆ ಹಾರಿತು. ಕೆಳಗೆ ಅದೇ ಸಾಹೇಬರು, ಅತಿಥಿಗಳ ಮುಂದೆ ಎದೆಯುಬ್ಬಿಸಿ: “ನಮ್ಮಲ್ಲೇ ಹುಟ್ಟಿದ್ದು. ಸ್ವತಂತ್ರವಾಗಿ ಹಾರಲಿ ಅಂತ ನಾವೇ ಬಿಟ್ವಿ.”

ಗಿಳಿ ಪಂಜರದಿಂದಲೇ ಅದನ್ನು ಕೇಳಿಸಿಕೊಂಡ ಅತ್ತೆಗೆ ಪಿತ್ತ ನೆತ್ತಿಗೇರಿತು. “ಬಿಟ್ರಂತೆ! ಇವರಪ್ಪನ ಮನೆ ಗಂಟು, ಬಿಟ್ರಂತೆ!”

ಕಾಳು ಹಾಕುವಾಗ, ನೀರು ಬದಲಿಸುವಾಗ, ಪಂಜರ ಗುಡಿಸುವಾಗ ಅವಳಿಗೆ ಅದೇ ಗೊಣಗಾಟ. ಈಗ ಸಾಹೇಬರು ಆ ದಾರಿಯಲ್ಲಿ ಬಂದರೆ ಸಾಕು, ಗಿಳಿಗಳೆಲ್ಲ ಒಕ್ಕೊರಲಿನಿಂದ ಕೂಗುತ್ತವೆ: “ಬಿಟ್ರಂತೆ! ಬಿಟ್ರಂತೆ!”